ಬೇವಿನ ಎಲೆಯ ದೂರು

“ಅವ್ವ, ಪರದೇಶದಲ್ಲಿ ಮನೆ ಕೊಂಡವರಿಗೆ ಆ ಮನೆ ತಮ್ಮದೆನ್ನಲು ಯಾವುದು ಆಧಾರ? ಕೊಂಡ ಪತ್ರವೇ, ಕಟ್ಟಿದ ತೆರಿಗೆಯೇ?”

ಕೇಳಿದವನು ಹೊಸ ಶಿಷ್ಯ. ಆಶ್ರಮಕ್ಕೆ ಬರುವ ಮೊದಲು ಅವನು ಒಂದು ಬಂದರಿನ ಕಚೇರಿಯಲ್ಲಿ ಹತ್ತು ವರ್ಷ ದಾಖಲೆ ಬರೆದಿದ್ದ. ಪರದೇಶಿಗಳ ಮನೆಗಳನ್ನು ಅರಮನೆಗೆ ಸೇರಿಸುವ ಆಜ್ಞೆಗಳೂ ಅವನ ಕೈಬರಹದಲ್ಲೇ ಹೋಗಿದ್ದವು.

ಗುರು ಒಬ್ಬ ಮುದುಕಿ. ಶಿಷ್ಯರೆಲ್ಲ ಅವರನ್ನು ಅವ್ವ ಎಂದೇ ಕರೆಯುತ್ತಿದ್ದರು.

“ಆ ಆಜ್ಞೆಗಳನ್ನು ನೀನು ಏನು ನೋಡಿ ಬರೆದೆ?” ಎಂದು ಅವ್ವ ಕೇಳಿದರು.

“ಪತ್ರ ನೋಡಿದೆ, ತೆರಿಗೆಯ ರಶೀದಿ ನೋಡಿದೆ, ಕಾನೂನು ನೋಡಿದೆ. ತಪ್ಪು ಬರೆದಿಲ್ಲ ಅವ್ವ. ಆದರೂ ಮನಸ್ಸು ಹಗುರಾಗಿಲ್ಲ.”

“ಹಾಗಾದರೆ ಕೂತುಕೋ,” ಎಂದರು ಅವ್ವ.

ಒಬ್ಬ ಹೆಂಗಸು ಹಗ್ಗ ಹೊಸೆದು ಬದುಕುತ್ತಿದ್ದಳು. ಅವಳ ಊರಿನಲ್ಲಿ ಹಗ್ಗ ಕೊಳ್ಳುವವರು ಕಡಿಮೆ. ಅವಳು ಹಡಗು ಹತ್ತಿ ಸಮುದ್ರದಾಚೆಯ ಒಂದು ಬಂದರಿಗೆ ಹೋದಳು. ಅಲ್ಲಿ ಹಡಗುಗಳಿಗೆ ಹಗ್ಗ ಬೇಕಿತ್ತು. ಕೆಲವು ವರ್ಷ ಬಾಡಿಗೆಯ ಚಪ್ಪರದಲ್ಲಿ ದುಡಿದು, ಆಮೇಲೆ ಒಂದು ಚಿಕ್ಕ ಮನೆ ಕೊಂಡಳು. ಮನೆ ಚಿಕ್ಕದಾದರೂ ಅಂಗಳ ಉದ್ದ. ಹಗ್ಗ ಹೊಸೆಯುವವರಿಗೆ ಉದ್ದದ ಅಂಗಳವಿಲ್ಲದೆ ಆಗುವುದಿಲ್ಲ. ಅಂಗಳದ ಕೊನೆಯಲ್ಲಿ ಗೋಡೆಗೆ ತಾಗಿ ಒಂದು ಬೇವಿನ ಮರವಿತ್ತು.

ಆ ದೇಶದಲ್ಲಿ ಪರದೇಶಿಗಳಿಗೆ ನೆಲ ಕೊಳ್ಳುವ ಹಕ್ಕಿರಲಿಲ್ಲ. ನೆಲ ಅರಮನೆಯದು. ಗೋಡೆ, ಚಾವಣಿ, ಮರ ಕೊಂಡವರದು. ಅದೂ ಅವರು ಅಲ್ಲಿ ವಾಸವಾಗಿರುವವರೆಗೆ. ಪತ್ರ ಬರೆಸಿದ ದಿನ ಇದನ್ನು ಬೇರೆ ಯಾರೋ ಅವಳಿಗೆ ಓದಿ ಹೇಳಿದರು. ತನ್ನ ಪತ್ರವನ್ನು ಇನ್ನೊಬ್ಬರು ಓದುವುದು ಅವಳಿಗೆ ಹಿಡಿಸಲಿಲ್ಲ. ಅಂಗಡಿಗಳ ಹಲಗೆ ನೋಡಿ, ಮೂಟೆಗಳ ಮೇಲಿನ ಗುರುತು ನೋಡಿ, ಒಂದು ಮಳೆಗಾಲ ಮುಗಿಯುವುದರೊಳಗೆ ಆ ದೇಶದ ಅಕ್ಷರವನ್ನು ತಾನೇ ಕಲಿತಳು. ಆಮೇಲೆ ಪತ್ರವನ್ನು ಮೂರು ಸಲ ಓದಿದಳು. ಓದಿಹೇಳಿದವರು ಸುಳ್ಳು ಹೇಳಿರಲಿಲ್ಲ.

ಪರದೇಶಿ ಎಂದು ಅಲ್ಲಿಯವರು ಅವಳಿಗೆ ಹೆಚ್ಚಿನ ತೆರಿಗೆ ಹಾಕಿದರು. ಅವಳು ಕಟ್ಟಿದಳು. ಸಮುದ್ರದಾಚೆ ಮನೆ ಮಾಡಿದ್ದಾಳೆಂಬ ಸುದ್ದಿ ಹುಟ್ಟೂರಿಗೂ ಮುಟ್ಟಿತು. ನಮ್ಮ ಪ್ರಜೆ ಎಲ್ಲಿ ಗಳಿಸಿದರೂ ನಮಗೆ ಪಾಲು ಬರಬೇಕೆಂದು ಅಲ್ಲಿಯ ದೊರೆ ಓಲೆ ಕಳಿಸಿದ. ಅವಳು ಅದನ್ನೂ ಕಟ್ಟಿದಳು. ಒಂದೇ ಮನೆಗೆ ಇಲ್ಲಿ ಪರದೇಶಿ ಎಂದು ಕಟ್ಟಿದಳು, ಅಲ್ಲಿ ಸ್ವದೇಶಿ ಎಂದು ಕಟ್ಟಿದಳು. ಯಾರಲ್ಲೂ ರಿಯಾಯಿತಿ ಬೇಡಲಿಲ್ಲ. ರಶೀದಿಗಳನ್ನು ಒಂದು ಬೆತ್ತದ ಪೆಟ್ಟಿಗೆಯಲ್ಲಿ ಜೋಡಿಸಿಟ್ಟಳು. ಕೊಡಬೇಕಾದವರಿಗೆಲ್ಲ ಕೊಟ್ಟಿದ್ದೇನೆ, ಇನ್ನು ಯಾರ ಹಂಗೂ ನನಗಿಲ್ಲ ಎಂದು ಅವಳ ಎಣಿಕೆ. ಬೀದಿಯ ಯಾವ ಮನೆಯಿಂದಲೂ ಅವಳು ಒಂದು ಕೆಂಡವನ್ನೂ ಕೇಳಿ ತಂದವಳಲ್ಲ.

ಗೋಡೆಯ ಆಚೆ ಒಬ್ಬ ಉಪ್ಪಿನ ವ್ಯಾಪಾರಿ ಇದ್ದ. ಅವನು ಅಂಗಳದಲ್ಲಿ ಚಾಪೆ ಹಾಸಿ ಉಪ್ಪು ಒಣಗಿಸುತ್ತಿದ್ದ. ಬೇವಿನ ಎಲೆ ಗಾಳಿಗೆ ಉದುರಿ ಉಪ್ಪಿನ ಮೇಲೆ ಬೀಳುತ್ತಿತ್ತು. ಇಬ್ಬರಿಗೂ ಜಗಳ ಶುರುವಾದದ್ದು ಹೀಗೆ.

“ಹಡಗಿನವಳೇ, ನಿನ್ನ ಮರಕ್ಕೆ ಸ್ವಲ್ಪ ಬುದ್ಧಿ ಹೇಳು,” ಎಂದು ಅವನು ಗೋಡೆಯಾಚೆಯಿಂದ ಕೂಗುತ್ತಿದ್ದ.

“ಮರ ನನ್ನ ಮಾತು ಕೇಳುತ್ತದೆ. ಗಾಳಿ ಕೇಳುವುದಿಲ್ಲ. ಗಾಳಿ ನಿಮ್ಮ ಊರಿನದು, ನೀನೇ ಹೇಳು,” ಎಂದು ಅವಳು ಕೈಯಲ್ಲಿದ್ದ ನಾರು ಬಿಡದೆ ಉತ್ತರ ಕೊಡುತ್ತಿದ್ದಳು.

“ನನ್ನ ಉಪ್ಪು ಕಹಿಯಾಗಿದೆ ಎಂದು ಜನ ವಾಪಸು ತರುತ್ತಿದ್ದಾರೆ.”

“ಅದು ಎಲೆಯಿಂದಲ್ಲ. ನೀನು ಅಳೆದುಕೊಡುವಾಗ ಮಾತಾಡುತ್ತೀಯಲ್ಲ, ಅದರಿಂದ.”

ಇಪ್ಪತ್ತೆರಡು ವರ್ಷದಲ್ಲಿ ಅವನು ಬಂದರಿನ ಕಚೇರಿಗೆ ಏಳು ಸಲ ದೂರು ಕೊಟ್ಟ. ಏಳು ಸಲವೂ ಅವಳು ಹೋಗಿ ವಾದ ಮಾಡಿದಳು. ಕೊಂಬೆ ತನ್ನ ಗೋಡೆ ದಾಟಿಲ್ಲವೆಂದು ಹಗ್ಗ ಹಿಡಿದು ಅಳೆದು ತೋರಿಸಿ ಗೆದ್ದು ಬಂದಳು. ಸೋತ ದಿನ ಅವನು ಗೋಡೆಯ ಹತ್ತಿರವೂ ಬರುತ್ತಿರಲಿಲ್ಲ. ಮರುದಿನ ಮತ್ತೆ ಶುರು.

ಹೀಗಿರುವಾಗ ಹುಟ್ಟೂರಿನಲ್ಲಿ ಅವಳ ತಾಯಿ ಹಾಸಿಗೆ ಹಿಡಿದಳೆಂದು ಸುದ್ದಿ ಬಂತು. ಅವಳು ಮನೆಗೆ ಬೀಗ ಹಾಕಿ ಹಡಗು ಹತ್ತಿದಳು. ತಾಯಿ ಹನ್ನೊಂದು ತಿಂಗಳು ಹಾಸಿಗೆಯಲ್ಲಿದ್ದು ತೀರಿಕೊಂಡಳು. ತಾಯಿಯ ಮನೆಯಲ್ಲಿ ನನಗೊಂದು ಕೋಣೆ ಕೊಡಿ ಎಂದು ಅವಳು ಕೇಳುವ ಮೊದಲೇ ತಮ್ಮಂದಿರು ಹೇಳಿದರು: “ಅಕ್ಕ, ನಿನಗೆ ಅಲ್ಲಿ ಸ್ವಂತ ಮನೆಯಿದೆ. ನೀನೀಗ ಅಲ್ಲಿಯವಳು.” ಅವಳು ಮುಂದಿನ ಹಡಗಿಗೆ ಹೊರಟುಬಂದಳು.

ಬಂದು ನೋಡಿದರೆ ಬಾಗಿಲಿಗೆ ಅರಮನೆಯ ಮುದ್ರೆ ಒತ್ತಿದ ಕಾಗದ ಅಂಟಿಸಿದ್ದರು. ಗೋಡೆಯ ಪಕ್ಕ ಸೌದೆ ಒಟ್ಟಿತ್ತು. ಅಂಗಳದ ತುಂಬ ಬಿಸಿಲಿತ್ತು. ಅವಳು ಸ್ವಲ್ಪ ಹೊತ್ತು ಅಂಗಳ ನೋಡಿದಳು. ಆಮೇಲೆ ಕಾಗದ ಓದಿದಳು.

ಅವಳಿಲ್ಲದಾಗ ಹೊಸ ಕಾನೂನು ಬಂದಿತ್ತು. ಆರು ತಿಂಗಳಿಗೆ ಮೀರಿ ಬಿಟ್ಟುಹೋದ ಪರದೇಶಿಯ ಮನೆ ಅರಮನೆಗೆ ಸೇರುತ್ತದೆ. ಆದರೆ ಬೀದಿಯವರು ಈಗಲೂ ಅದನ್ನು ಆ ಪರದೇಶಿಯ ಮನೆಯೆಂದೇ ನಡೆಸಿಕೊಂಡು ಬಂದಿದ್ದಾರೆಂದು ತಿಂಗಳೊಳಗೆ ಸಾಬೀತಾದರೆ ಮನೆ ಉಳಿಯುತ್ತದೆ. ಕಾಗದ ಅಂಟಿಸಿ ಆಗಲೇ ಇಪ್ಪತ್ತೇಳು ದಿನವಾಗಿತ್ತು.

ಊರಿಗೂ ಜೊತೆಗೇ ಒಯ್ದಿದ್ದ ಬೆತ್ತದ ಪೆಟ್ಟಿಗೆಯನ್ನು ಹೊತ್ತು ಅವಳು ಕಚೇರಿಗೆ ಹೋದಳು. ಅಧಿಕಾರಿ ಕೆಟ್ಟವನಲ್ಲ. ಎಲ್ಲವನ್ನೂ ತೆಗೆದು ಓದಿದ.

“ಅಮ್ಮ, ಇಷ್ಟು ಚೊಕ್ಕ ಲೆಕ್ಕ ನಾನು ನೋಡಿಲ್ಲ. ಆದರೆ ಪತ್ರದಲ್ಲಿ ವಾಸವಿರುವವರೆಗೆ ಎಂದಿದೆ. ಇನ್ನು ತೆರಿಗೆ ಯಾವ ಮನೆಗೆ ಯಾರು ಬೇಕಾದರೂ ಕಟ್ಟಬಹುದು. ನನಗೆ ಬೀದಿಯ ಮಾತು ಬೇಕು.”

ಇಲ್ಲಿ ಶಿಷ್ಯ ತಡೆದು ಕೇಳಿದ. “ಅಧಿಕಾರಿಯೇ ಬೀದಿಗೆ ಹೋಗಿ ವಿಚಾರಿಸಬಹುದಿತ್ತಲ್ಲ ಅವ್ವ?”

“ನೀನು ಎಷ್ಟು ಸಲ ಬೀದಿಗೆ ಹೋಗಿ ಬಂದು ಬರೆದೆ?”

ಅವ್ವ ಮುಂದುವರಿಸಿದರು.

ಅಂದು ಅವಳು ಮನೆಗೆ ಹೋಗಿ ಹೊಸ್ತಿಲ ಮೇಲೆ ಕೂತಳು. ಇನ್ನೊಬ್ಬರ ಬಾಗಿಲಿಗೆ ಹೋಗಿ ಕೇಳುವುದು ಅವಳಿಗೆ ಗೊತ್ತಿರಲಿಲ್ಲ. ಮನೆ ಹೋದರೆ ಅಂಗಳ ಹೋಗುತ್ತದೆ, ಅಂಗಳ ಹೋದರೆ ಕಸುಬು ಹೋಗುತ್ತದೆ. ಹಿಂದಿರುಗಿ ಹೋಗಲು ಅಲ್ಲಿ ಮನೆಯಿಲ್ಲ. ಮರುದಿನ ಬೆಳಗ್ಗೆ ಅವಳು ಎದ್ದು, ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ, ಎರಡು ಮನೆಗಳ ಬಾಗಿಲು ತಟ್ಟಿದಳು. ಒಂದು ಅವಳ ಹಗ್ಗ ಸಾಗಿಸುವ ಗಾಡಿಯವನದು. ಇನ್ನೊಂದು ಬಲೆಗೆ ಹುರಿ ಕೊಳ್ಳುವ ಮೀನುಗಾರ್ತಿಯದು. ಇಬ್ಬರೂ ಕೂಡಲೇ ಒಪ್ಪಿದರು. “ಇಷ್ಟು ದಿನ ಯಾಕೆ ಕೇಳಲಿಲ್ಲ ಅಕ್ಕ?” ಎಂದು ಮೀನುಗಾರ್ತಿ ಬೈದಳು. ಉಪ್ಪಿನವನ ಬಾಗಿಲನ್ನು ಅವಳು ತಟ್ಟಲಿಲ್ಲ.

ಕೊನೆಯ ದಿನ ಮೂವರೂ ಕಚೇರಿಗೆ ಹೋದರು. ಇಬ್ಬರೂ ಒಳ್ಳೆಯ ಮಾತು ಹೇಳಿದರು. ಅಧಿಕಾರಿ ಕೇಳಿದ: “ನಿಮ್ಮನ್ನು ಬರಹೇಳಿದವರು ಯಾರು?”

“ಅಕ್ಕನೇ ಹೇಳಿದ್ದು,” ಎಂದಳು ಮೀನುಗಾರ್ತಿ.

ಅಧಿಕಾರಿ ಲೇಖನಿ ಕೆಳಗಿಟ್ಟ. ಕೆಲವು ಪರದೇಶಿ ವರ್ತಕರು ರೇಷ್ಮೆ ಕೊಟ್ಟು ಸಾಕ್ಷಿ ಕೊಂಡಿದ್ದರು. ಅದಕ್ಕಾಗಿ ಪರದೇಶಿ ತಾನಾಗಿ ಕರೆತಂದ ಸಾಕ್ಷಿ ನಡೆಯುವುದಿಲ್ಲ ಎಂದು ಕಾನೂನಿನಲ್ಲಿ ಬರೆದಿದ್ದರು. “ಬರೆದುಕೊಳ್ಳಲಾರೆ ಅಮ್ಮ,” ಎಂದ ಅಧಿಕಾರಿ. “ಇದು ನನ್ನ ಕೈಯಲ್ಲಿಲ್ಲ.”

ಅವಳು ರಶೀದಿಗಳನ್ನು ಒಂದೊಂದಾಗಿ ಪೆಟ್ಟಿಗೆಗೆ ಹಾಕತೊಡಗಿದಳು. ಜೀವನದಲ್ಲಿ ಒಂದು ಸಲ ಕೇಳಿದಳು, ಕೇಳಿದ್ದೇ ತಪ್ಪಾಗಿತ್ತು.

ಆಗ ಬಾಗಿಲಲ್ಲಿ ಗಲಾಟೆಯಾಯಿತು. ಉಪ್ಪಿನ ವ್ಯಾಪಾರಿ ಜನರನ್ನು ಸರಿಸಿಕೊಂಡು ಒಳಗೆ ಬಂದ. ಕೈಯಲ್ಲಿ ಒಂದು ಬಟ್ಟೆಯ ಗಂಟು. ಅದನ್ನು ಅಧಿಕಾರಿಯ ಮುಂದೆ ಬಿಚ್ಚಿದ. ಉಪ್ಪು. ಉಪ್ಪಿನ ತುಂಬ ಒಣಗಿದ ಬೇವಿನ ಎಲೆ.

“ಸ್ವಾಮಿ, ಇದಕ್ಕೆ ನ್ಯಾಯ ಬೇಕು. ಎಂಟನೆಯ ಸಲ ಬಂದಿದ್ದೇನೆ. ಇವಳ ಮರ ನನ್ನ ಉಪ್ಪು ಕೆಡಿಸಿತು.”

“ಯಾರ ಮರ?”

“ಇವಳದು. ಬೀದಿಯಲ್ಲಿ ಯಾರನ್ನು ಬೇಕಾದರೂ ಕೇಳಿ. ಇವಳ ಮನೆ, ಇವಳ ಅಂಗಳ, ಇವಳ ಬೇವು. ವರ್ಷವಿಡೀ ಬಾಗಿಲು ಮುಚ್ಚಿದ್ದರೂ ನಮಗೆ ಅದು ಇವಳ ಮನೆಯೇ. ಬೇರೆ ಯಾರಾದರೂ ಆ ಮನೆಯಲ್ಲಿದ್ದಿದ್ದರೆ ನಾನು ನೆಮ್ಮದಿಯಾಗಿರುತ್ತಿದ್ದೆ.”

ಅಧಿಕಾರಿ ಲೇಖನಿ ಎತ್ತಿಕೊಂಡ. “ಇವರು ನಿನ್ನನ್ನು ಕರೆಸಿದರೇ?”

“ಇವಳೇ? ನನ್ನನ್ನೇ?” ಉಪ್ಪಿನವನು ಸುತ್ತ ನೋಡಿದ. “ಸ್ವಾಮಿ, ಇವಳ ಮನೆಗೆ ಬೆಂಕಿ ಬಿದ್ದರೂ ನನ್ನಿಂದ ಒಂದು ಕೊಡ ನೀರು ಕೇಳುವವಳಲ್ಲ ಇವಳು.”

ಕಚೇರಿಯಲ್ಲಿದ್ದವರೆಲ್ಲ ನಕ್ಕರು. ಅವರಿಬ್ಬರ ಜಗಳ ಕಚೇರಿಗೆ ಹೊಸದಲ್ಲ. ಅಧಿಕಾರಿ ಹಳೆಯ ದಫ್ತರ ತರಿಸಿದ. ಏಳು ದೂರುಗಳೂ ಅದರಲ್ಲಿದ್ದವು. ಪ್ರತಿಯೊಂದರಲ್ಲೂ ಹಗ್ಗದವಳ ಮನೆಯ ಬೇವಿನ ಮರ ಎಂದೇ ಬರೆದಿತ್ತು. ಎಂಟನೆಯದನ್ನು ಅವನು ಅದರ ಕೆಳಗೆ ಬರೆದುಕೊಂಡ. ಮನೆ ಅವಳದೆಂದು ಬೀದಿ ಒಪ್ಪಿದೆ, ಮುದ್ರೆ ತೆಗೆಯತಕ್ಕದ್ದು ಎಂದು ಆಜ್ಞೆ ಬರೆದ. ಆಮೇಲೆ ಅವಳ ಕಡೆ ತಿರುಗಿದ.

“ಅಮ್ಮ, ದೂರಿಗೆ ಏನು ಹೇಳುತ್ತೀರಿ?”

ಏಳು ಸಲ ವಾದ ಮಾಡಿ ಗೆದ್ದವಳು ಈಗ ಉಪ್ಪಿನವನ ಮುಖವನ್ನೇ ನೋಡುತ್ತಿದ್ದಳು. ಅವನು ಉಪ್ಪಿನ ಗಂಟನ್ನು ಕಟ್ಟುತ್ತ ನೆಲ ನೋಡುತ್ತಿದ್ದ.

“ತಪ್ಪು ನನ್ನದೇ,” ಎಂದಳು ಅವಳು. “ಕೊಂಬೆ ಕಡಿಸುತ್ತೇನೆ.”

ಇಬ್ಬರೂ ಒಂದೇ ಬೀದಿಗೆ ಹೋಗಬೇಕಾದವರು. ಅವನು ಮುಂದೆ ನಡೆದ, ಅವಳು ಹತ್ತು ಹೆಜ್ಜೆ ಹಿಂದೆ. ಮರುದಿನ ಗೋಡೆಯ ಮೇಲೆ ಹೊಸ ಹಗ್ಗದ ಒಂದು ಸುರುಳಿ ಇತ್ತು. ಉಪ್ಪಿನ ಮೂಟೆ ಕಟ್ಟುವ ಅಳತೆಯದು. “ಇದೇನು, ನಿನ್ನ ಕಸವನ್ನೆಲ್ಲ ನನ್ನ ಗೋಡೆಯ ಮೇಲೆ ಹಾಕುತ್ತೀಯ?” ಎಂದು ಅವನು ಕೂಗಿದ. ಆದರೆ ಸುರುಳಿಯನ್ನು ಒಳಗೆ ತೆಗೆದುಕೊಂಡು ಹೋದ.

ಅವ್ವ ಇಲ್ಲಿಗೆ ನಿಲ್ಲಿಸಿದರು.

ಶಿಷ್ಯನ ಮುಖ ಅರಳಿತು. “ಈಗ ತಿಳಿಯಿತು ಅವ್ವ. ಕಾನೂನು ಸರಿಯಾಗಿಯೇ ಇತ್ತು. ಬೇಕಾದವರು ಪ್ರೀತಿಗೆ ಸುಳ್ಳು ಹೇಳುತ್ತಾರೆ, ಹಗೆಯವನು ಹೇಳುವುದಿಲ್ಲ. ಅವಳಿಗೆ ತೊಂದರೆ ಕೊಡಲು ಬಂದವನ ಬಾಯಿಂದಲೇ ನಿಜ ಹೊರಬಿತ್ತು. ನಾನು ಆ ಕಚೇರಿಯಲ್ಲಿದ್ದಿದ್ದರೂ ಅದನ್ನೇ ಬರೆಯುತ್ತಿದ್ದೆ.”

ಅವ್ವ ಅವನನ್ನು ನೋಡಿ ಹೇಳಿದರು:

“ಆ ಬೇವಿನ ಮರ ಅವಳು ಊರಿನಲ್ಲಿಲ್ಲದಾಗ ಬಿರುಗಾಳಿಗೆ ಬುಡಸಮೇತ ಬಿದ್ದಿತ್ತು ಮಗ, ಅದನ್ನು ಕಡಿದು ಸೌದೆ ಮಾಡಿ ಅವಳ ಗೋಡೆಗೆ ಒಟ್ಟಿದವನು ಆ ಉಪ್ಪಿನವನೇ.”