ಜೀವಂತ ದಂಡನಾಯಕನ ವೀರಗಲ್ಲು

ಇದರಲ್ಲಿ ಒಂದಕ್ಷರ ಸುಳ್ಳಿದ್ದರೆ ನನ್ನ ನಾಲಿಗೆ ಕಿತ್ತು ಊರಬಾಗಿಲಿಗೆ ತೋರಣ ಕಟ್ಟಿ. ಅಷ್ಟು ಉದ್ದ ಇದೆ ಅಂತ ನಮ್ಮ ಮನೆಯವಳೇ ಹೇಳುತ್ತಾಳೆ.

ಕೊಳಗುಂದದ ದಂಡನಾಯಕ ಚಟ್ಟರಸನ ಮೀಸೆ ಎಷ್ಟು ಅಗಲವೆಂದರೆ, ಅರಮನೆಯ ಬಾಗಿಲಲ್ಲಿ ಅವನು ಅಡ್ಡಡ್ಡ ನಡೆದು ಒಳಗೆ ಬರಬೇಕಿತ್ತು. ಬಂದರೆ ಮಂತ್ರಿಗಳು ಎದ್ದು ನಿಲ್ಲುತ್ತಿದ್ದರು; ಕೂತ ಮೇಲೆ ಅವನು ಕೆಮ್ಮಿದರೆ ಇನ್ನೊಮ್ಮೆ ಏಳುತ್ತಿದ್ದರು. ದೊರೆ ಇರುಗರಾಯ ಕೂಡ ಅರ್ಧ ಎದ್ದು, ಪಂಚೆ ಸರಿಮಾಡಿಕೊಂಡವನ ಹಾಗೆ ನಟಿಸಿ ಕೂತುಬಿಡುತ್ತಿದ್ದ.

ಒಂದು ದಿನ ಚಟ್ಟರಸ ಓಲಗದಲ್ಲಿ ಬಾಯಿ ತೆರೆದ. ಯುದ್ಧ ಗೆದ್ದ ತನಗೆ ಪ್ರಜೆಗಳು ದಿನಾ ದೀಪ ಹಚ್ಚಿ, ಹೂವೇರಿಸಿ ಕೈಮುಗಿಯಬೇಕಂತೆ. ತಾನು ಏನು ಹೇಳಿದರೂ ಕತ್ತಿ ಹಿಡಿಯದ ಯಾವನೂ 'ಯಾಕೆ' ಅನ್ನಬಾರದಂತೆ. ಹೇಳಿ ಮುಗಿಸುವ ಮೊದಲೇ ಇನ್ನೊಂದು ಸೇರಿಸಿದ: ಊರ ದೊಡ್ಡ ಕೆರೆಯ ಏರಿ ಒಡೆದು ನೀರು ಬಿಡಬೇಕು, ಬರಿದಾದ ಕೆರೆಯಂಗಳದಲ್ಲಿ ತನ್ನ ಕುದುರೆಗಳ ಕವಾಯತು ನಡೆಯಬೇಕು.

ಕೆರೆ ಹೋದರೆ ಅದರ ಕೆಳಗಿನ ಗದ್ದೆಯೆಲ್ಲ ಹೋದಂತೆಯೇ. ಊರಗೌಡ ತಿಪ್ಪಣ್ಣ ಧೈರ್ಯ ಮಾಡಿ, ಕುದುರೆ ಓಡಿಸೋಕೆ ಬೇರೆ ಬಯಲಿಲ್ಲವೇ ಅಂತ ಕೇಳಿದ.

"ನಾನು ರಣರಂಗದಲ್ಲಿದ್ದಾಗ ನೀನೆಲ್ಲಿದ್ದೆಯೋ?" ಅಂದ ಚಟ್ಟರಸ.

ಗೌಡ ಆಗ ಅದೇ ದಂಡಿಗೆ ಅಕ್ಕಿ ಬೆಳೆಯುತ್ತಿದ್ದ.

ಬೇಡ ಅಂದರೆ ದಂಡು ಮುನಿಯುತ್ತದೆ, ಹೂಂ ಅಂದರೆ ಊರು ಹಸಿಯುತ್ತದೆ. ದೊರೆಯ ಕಣ್ಣು ಸಭೆಯೆಲ್ಲ ಸುತ್ತಿ ಬೂಚಣ್ಣನ ಮೇಲೆ ನಿಂತಿತು. ಈ ಬೂಚಣ್ಣ ಮಾತಿಗೆಂದೇ ಅರಮನೆಯ ಅನ್ನ ಉಣ್ಣುತ್ತಿದ್ದವನು. ಅವನ ಗದ್ದೆಯೂ ಅದೇ ಕೆರೆಯ ಕೆಳಗಿತ್ತು. ಮುಖದ ಮೇಲೆ ಭಕ್ತಿ ತಂದುಕೊಂಡು ಎದ್ದ.

"ದಂಡನಾಯಕರು ಕೇಳಿದ್ದು ತೀರ ಕಡಿಮೆಯಾಯಿತು. ನಮ್ಮಲ್ಲಿ ಯುದ್ಧದಲ್ಲಿ ಮಡಿದವರಿಗೆ ವೀರಗಲ್ಲು ನಿಲ್ಲಿಸುತ್ತೇವೆ. ದೀಪ, ಹೂವು ಎಲ್ಲ ಅದಕ್ಕೇ ಸಲ್ಲೋದು. ಕಲ್ಲಿಗೆ ಯಾರೂ ಎದುರಾಡೋದಿಲ್ಲ. ಒಡೆಯರಿಗೂ ಒಂದು ನಿಲ್ಲಿಸೋಣ."

ಚಟ್ಟರಸ ಹುಬ್ಬು ಗಂಟಿಕ್ಕಿ, ತಾನಿನ್ನೂ ಸತ್ತಿಲ್ಲವಲ್ಲ ಅಂದ.

"ಸತ್ತ ಮೇಲೆ ನಿಲ್ಲಿಸಿದರೆ ನೋಡೋದಕ್ಕೆ ತಾವಿರ್ತೀರಾ?"

ಮಾತು ಬೆಲ್ಲದ ಪಾಕದ ಹಾಗೆ ಒಳಗಿಳಿಯಿತು. ಕಲ್ಲು ನಾಡಿಗೇ ಎತ್ತರವಿರಲಿ, ಶಾಸ್ತ್ರದಲ್ಲಿ ಒಂದೂ ತಪ್ಪಬಾರದು, ಅದು ನಿಂತ ದಿನವೇ ಕೆರೆಯೂ ಒಡೆಯಲಿ ಅಂತ ಚಟ್ಟರಸ ಎಲ್ಲರೆದುರು ತಾನೇ ಅಪ್ಪಣೆ ಮಾಡಿದ.

ಕಲ್ಲುಕುಟಿಗ ಮಾಬೋಜ ಕೆಲಸಕ್ಕೆ ಕೂತ. ಕೆಳಗಿನ ಸಾಲಿನಲ್ಲಿ ಕುದುರೆಯೇರಿ ಕಾದಾಡುವ ಚಟ್ಟರಸ. ಮೀಸೆ ಹಿಡಿಸಲಿ ಅಂತ ಶತ್ರುಗಳನ್ನು ಕಲ್ಲಿನಾಚೆ ತಳ್ಳಬೇಕಾಯಿತು. ನಡುವಿನ ಸಾಲಿನಲ್ಲಿ ಅವನನ್ನು ಮೇಲಕ್ಕೊಯ್ಯುವ ದೇವಕನ್ಯೆಯರು. ಇಬ್ಬರು ಸಾಲದು, ಇನ್ನಿಬ್ಬರು ಬರಲಿ ಅಂತ ಚಟ್ಟರಸ ಹಟ ಹಿಡಿದ. ಮೇಲಿನ ಸಾಲಿನಲ್ಲಿ ಅವನು ಕೈಲಾಸದಲ್ಲಿ, ಶಿವನಿಗೇ ಜಾಗ ಸಾಲದ ಹಾಗೆ ಕಾಲು ಚಾಚಿ ಕೂತಿದ್ದ.

ಕಲ್ಲನ್ನು ಅರಮನೆಯ ಮುಂದೆ ನಿಲ್ಲಿಸಿದರು. ಏರಿ ಒಡೆಯುವವರು ಗುದ್ದಲಿ ಹಿಡಿದು ಕಾದಿದ್ದರು. ಗೌಡ ತಲೆ ತಗ್ಗಿಸಿ ನಿಂತಿದ್ದ. ಆಗ ಮಾಬೋಜ ಉಳಿ ಹಿಡಿದು ಮುಂದೆ ಬಂದ.

"ಬುದ್ಧಿ, ಬಾಣ ಎಲ್ಲಿ ಕೂರಿಸಲಿ? ಕುತ್ತಿಗೆಗೋ, ಎದೆಗೋ?"

"ಯಾವ ಬಾಣ?"

"ತಾವು ತೀರಿಕೊಂಡ ಬಾಣ. ತಾವು ಕೆಳಗಿನ ಸಾಲಿನಲ್ಲಿ ಸಾಯದೆ ನಡುವಿನ ಸಾಲಿನ ಹೆಣ್ಣುಮಕ್ಕಳು ಕೈ ಹಾಕೋದಿಲ್ಲ, ಬುದ್ಧಿ."

ಚಟ್ಟರಸ ಬೂಚಣ್ಣನ ಕಡೆ ತಿರುಗಿದ. ಬೂಚಣ್ಣ ಶೋಕದ ಮುಖ ಮಾಡಿಕೊಂಡು, ಒಡೆಯರ ಅಪ್ಪಣೆಯಂತೆ ಶಾಸ್ತ್ರದಲ್ಲಿ ಒಂದೂ ಬಿಟ್ಟಿಲ್ಲ ಅಂದ. ಇವತ್ತಿನಿಂದ ಅವರ ಪದವಿ ಇನ್ನೊಬ್ಬರಿಗೆ ಹೋಗುತ್ತದಂತೆ. ಅವರ ಅಳಿಯ ಆಗಲೇ ಲಾಯಕ್ಕೆ ಬಂದು ಮಾವನ ಕುದುರೆಯ ಹಲ್ಲು ನೋಡಿಕೊಂಡು ಹೋಗಿದ್ದಾನಂತೆ. ಇನ್ನು ಓಲಗಕ್ಕೆ ಬರುವುದೂ ಬೇಡ, ಸತ್ತವರು ಮಾತಾಡಿದರೆ ಜನ ಹೆದರುತ್ತಾರಂತೆ.

"ನಾನು ಬದುಕಿದ್ದೀನಿ ಕಣೋ," ಅಂದ ಚಟ್ಟರಸ. ರಣರಂಗದಲ್ಲೂ ಅವನ ದನಿ ಅಷ್ಟು ಸಣ್ಣಗಾಗಿರಲಿಲ್ಲ.

"ಸಂತೋಷ, ಒಡೆಯ. ಹಾಗಾದರೆ ಹೂವು ವಾಪಸು. ಊರಾಚೆ ಸಾಲಾಗಿ ಕಲ್ಲುಗಳು ನಿಂತಿವೆಯಲ್ಲ, ಅವು ತಮ್ಮ ಹಿಂದೆ ಯುದ್ಧಕ್ಕೆ ಹೋಗಿ ಮನೆಗೆ ಬಾರದವರವು. ದೀಪ ಹಚ್ಚುವವರಿಲ್ಲ, ದನ ಮೈ ಉಜ್ಜಿಕೊಳ್ಳುತ್ತವೆ. ಅವರಲ್ಲಿ ಒಬ್ಬರೂ ಇವತ್ತಿನವರೆಗೆ ಕೆರೆ ಕೇಳಿಲ್ಲ. ಪೂಜೆ ಬೇಕಾದರೆ ಅವರ ಪಕ್ಕಕ್ಕೆ ಹೋಗಿ ನಿಲ್ಲಿ. ಕೆರೆ ಬೇಕಾದರೆ ಇಲ್ಲೇ ಕೂತು, ಯಾಕೆ ಅಂತ ಗೌಡರಿಗೆ ಹೇಳಿ."

ಗೌಡ ತಲೆಯೆತ್ತಿದ. "ಯಾಕೆ?" ಅಂದ.

ಚಟ್ಟರಸ ಮೀಸೆಯ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಉತ್ತರ ಹುಡುಕಿದ. ಬಾಣ ಬೇಡ ಅಂತ ಮಾಬೋಜನಿಗೆ ಸನ್ನೆ ಮಾಡಿ ಕುದುರೆ ತರಿಸಿದ. ಗುದ್ದಲಿಗಳು ಹೆಗಲೇರಿ ಮನೆಗೆ ಹೋದವು. ದೊರೆ ಕಿರೀಟ ಜಾರುವಷ್ಟು ನಕ್ಕು, ಕೊರಳ ಹಾರ ತೆಗೆದು ಬೂಚಣ್ಣನ ಕೊರಳಿಗೆ ಹಾಕಿದ.

ಎಲ್ಲ ನಿಜ. ಒಂದು ಸಣ್ಣ ವಿಷಯ ಮಾತ್ರ ಕತೆ ಚೆನ್ನಾಗಿರಲಿ ಅಂತ ಕೈಯಿಂದ ಹಾಕಿದೆ. ದೊರೆ ಅಲ್ಲೇ ನಗಲಿಲ್ಲ. ಚಟ್ಟರಸನ ಕುದುರೆಯ ಸದ್ದು ಪೂರ್ತಿ ಅಡಗಲಿ ಅಂತ ಕಾದು, ಒಳಗೆ ಹೋಗಿ, ಕದ ಹಾಕಿಸಿಕೊಂಡು ನಕ್ಕ.