ನನಗೆ ಓಡುತ್ತೆ, ನಿಮಗ್ಯಾಕೆ ಓಡಲ್ಲ?

ಒಂದು ವಿಶ್ವವಿದ್ಯಾಲಯದ ನೆಲಮಾಳಿಗೆಯಲ್ಲಿ ಒಂದು ಭಾರಿ ಕಂಪ್ಯೂಟರ್ ಇತ್ತು. ಒಂದು ಅಂದರೆ ಒಂದಲ್ಲ. ಇನ್ನೂರು ಕಂಪ್ಯೂಟರುಗಳನ್ನು ಸಾಲಾಗಿ ಜೋಡಿಸಿ ಒಟ್ಟಿಗೆ ದುಡಿಯಲು ಹಚ್ಚಿದ್ದರು. ಅದಕ್ಕೆ ಕ್ಲಸ್ಟರ್ ಎನ್ನುತ್ತಿದ್ದರು. ಸಾಫ್ಟ್‌ವೇರು ಅದರಲ್ಲಿ ಬೇಕಾದಷ್ಟಿತ್ತು, ಆದರೆ ಲಾಗಿನ್ ಆದ ಕೂಡಲೇ ಕೈಗೆ ಸಿಗುತ್ತಿರಲಿಲ್ಲ. ಅಟ್ಟದ ಮೇಲಿನ ಡಬ್ಬಿ ಇಳಿಸಿಕೊಂಡ ಹಾಗೆ, ಬೇಕಾದ ಸಾಫ್ಟ್‌ವೇರಿನ ಕಟ್ಟನ್ನು, ಅಂದರೆ ಮಾಡ್ಯೂಲನ್ನು, ಹೆಸರು ಹಿಡಿದು ಲೋಡ್ ಮಾಡಿಕೊಳ್ಳಬೇಕು. ಆಮೇಲೆ ಕೆಲಸವನ್ನು ಸರದಿಗೆ ಹಾಕಬೇಕು.

ಚಿತ್ಕಳಾ ಎಂಬ ಸಂಶೋಧನಾ ವಿದ್ಯಾರ್ಥಿನಿ ಆ ಕ್ಲಸ್ಟರಿನಲ್ಲಿ ಆರು ವರ್ಷದಿಂದ ಮೋಡಗಳ ಚಲನೆಯ ಲೆಕ್ಕ ಹಾಕುತ್ತಿದ್ದಳು. ಅವಳಿಗೆ ಅದು ನೀರು ಕುಡಿದಷ್ಟು ಸಲೀಸು. ಉಳಿದವರು ಮಾಡ್ಯೂಲ್ ಹುಡುಕುತ್ತ ತಲೆ ಕೆರೆದುಕೊಳ್ಳುತ್ತಿದ್ದರೆ ಅವಳು ನಗುತ್ತಿದ್ದಳು. "ನನ್ನ ಪ್ರೋಗ್ರಾಮಿಗೆ ಅದ್ಯಾವುದೂ ಬೇಡಪ್ಪ. ಸುಮ್ನೆ ಹಾಕಿದ್ರೆ ಓಡುತ್ತೆ" ಎನ್ನುತ್ತಿದ್ದಳು. ಸ್ವಲ್ಪ ಜಂಬ ಇತ್ತು, ಇಲ್ಲ ಅನ್ನುವ ಹಾಗಿಲ್ಲ.

ಆ ವರ್ಷ ಈರಮ್ಮ ಹೂಗಾರ ಎಂಬುವರು ಅಲ್ಲಿಗೆ ಬಂದರು. ಸಿಂಧನೂರಿನ ಕಾಲೇಜೊಂದರಲ್ಲಿ ಹದಿನೆಂಟು ವರ್ಷ ಭೌತಶಾಸ್ತ್ರ ಹೇಳಿಕೊಟ್ಟವರು. ಪಿಎಚ್‌ಡಿ ಮಾಡಬೇಕೆಂದು ಹಟ ಹಿಡಿದು ಮೂರು ವರ್ಷದ ರಜೆ ಪಡೆದಿದ್ದರು. ಪ್ರೊಫೆಸರ್ ಕೇದಿಲಾಯರು ಅವರಿಗೆ ಒಂದೇ ಷರತ್ತು ಹಾಕಿದರು. ಮೋಡದ ಪ್ರೋಗ್ರಾಮನ್ನು ಹದಿನೈದು ದಿನದಲ್ಲಿ ಒಮ್ಮೆಯಾದರೂ ಸ್ವಂತ ಲಾಗಿನ್‌ನಲ್ಲಿ ಓಡಿಸಬೇಕು, ಇಲ್ಲವಾದರೆ ವಾಪಸು ಕಾಲೇಜಿಗೆ. ಹೇಳಿಕೊಡುವ ಕೆಲಸ ಚಿತ್ಕಳಾಳದು. ಆಗುತ್ತದೋ ಇಲ್ಲವೋ ಎಂದು ಪ್ರೊಫೆಸರರಿಗೆ ಬರೆದು ತಿಳಿಸಬೇಕಾದವಳೂ ಅವಳೇ.

ಚಿತ್ಕಳಾ ಆ ಪ್ರೋಗ್ರಾಮನ್ನು ಓಡಿಸುವ ಆಜ್ಞೆಗಳ ಪಟ್ಟಿಯನ್ನು, ಅಂದರೆ ತನ್ನ ಸ್ಕ್ರಿಪ್ಟನ್ನು, ಹಾಗೇ ಕೊಟ್ಟಳು. ಈರಮ್ಮ ಅದನ್ನು ಹಾಕಿದರು. ಓಡಲಿಲ್ಲ. 'ಲೈಬ್ರರಿ ಸಿಗುತ್ತಿಲ್ಲ' ಎಂಬ ಎರರ್ ಬಂತು.

"ನನಗೆ ಓಡುತ್ತೆ, ನಿಮಗ್ಯಾಕೆ ಓಡಲ್ಲ?" ಎಂದಳು ಚಿತ್ಕಳಾ. "ಎಲ್ಲೋ ಅಕ್ಷರ ಬಿಟ್ಟಿದೀರಿ. ಸರಿಯಾಗಿ ನೋಡಿ."

ಈರಮ್ಮ ಸ್ಕ್ರಿಪ್ಟನ್ನು ನೋಟ್‌ಬುಕ್ಕಿಗೆ ಇಳಿಸಿಕೊಂಡರು. ಒಂದೊಂದು ಚುಕ್ಕೆಯ ಮೇಲೂ ಬೆರಳಿಟ್ಟು ತಾಳೆ ನೋಡಿದರು. ಮರುದಿನವೂ ಅದೇ ಎರರ್, ಅದರ ಮರುದಿನವೂ ಅದೇ.

"ನೀವು ಹೇಳಿದಂಗ ಮಾಡೀನ್ರಿ ಮೇಡಮ್. ಒಂದ್ ಅಕ್ಷರಾನೂ ಆಚಿ ಈಚಿ ಆಗಿಲ್ರಿ. ಇಲ್ಲಿಂದ ಹೊಳ್ಳಿ ಹೋದ್ರ ನಾ ಊರಾಗ ಏನ್ ಮುಖ ತೋರಸ್ಲಿ?"

ಚಿತ್ಕಳಾ ಮೂಗು ಮುರಿದಳು. ಈ ವಯಸ್ಸಿನಲ್ಲಿ ಇವರಿಗೆ ಯಾಕೆ ಬೇಕಿತ್ತು ಈ ಉಸಾಬರಿ ಎಂದುಕೊಂಡಳು. ಹದಿನಾಲ್ಕನೆಯ ದಿನ ಬೆಳಿಗ್ಗೆ ಪ್ರೊಫೆಸರರಿಗೆ ಬರೆದಳು: "ಇವರಿಗೆ ಪಾಠ ಮಾಡಲು ಬರುತ್ತದೆ. ಕಂಪ್ಯೂಟರಿನ ಕೆಲಸ ಇವರಿಂದ ಆಗುವುದಿಲ್ಲ. ವಾಪಸು ಕಳಿಸುವುದು ಒಳ್ಳೆಯದು." ಬರೆದು ಕೈ ತೊಳೆದುಕೊಂಡಳು.

ವಿಷಯ ತಿಳಿದ ಈರಮ್ಮ ಪ್ರವೇಶದ ಕಾರ್ಡು ಹಿಂತಿರುಗಿಸಲು ನೆಲಮಾಳಿಗೆಗೆ ಹೋದರು. ಕ್ಲಸ್ಟರ್ ನೋಡಿಕೊಳ್ಳುವ ಮೊಂತೇರೊ ಎಂಬುವರು ಅಲ್ಲಿದ್ದರು, ಮಂಗಳೂರಿನ ಕಡೆಯವರು.

"ಎಂತ ಮಾರಾಯ್ರೆ, ಹದಿನೈದು ದಿನ ಆಗ್ಲಿಲ್ಲ, ಕಾರ್ಡ್ ವಾಪಸಾ? ಎಂತ ಎರರ್ ಬರ್ತದೆ, ತೋರಿಸಿ."

ಎರರ್ ನೋಡಿದ ಮೊಂತೇರೊ ಫೋನ್ ಮಾಡಿ ಚಿತ್ಕಳಾಳನ್ನು ಕರೆಸಿದರು. "ನಿಮ್ಮದೇ ಸ್ಕ್ರಿಪ್ಟ್ ಅಲ್ವಾ? ಇವರ ಲಾಗಿನ್ನಲ್ಲಿ ನೀವೇ ಕೂತು ಒಮ್ಮೆ ಓಡಿಸಿ ನೋಡುವಾ."

ಅದೇನು ಮಹಾ ಎಂದು ಚಿತ್ಕಳಾ ಕುಳಿತಳು. ಟಪಟಪ ಒತ್ತಿದಳು. ಲೈಬ್ರರಿ ಸಿಗುತ್ತಿಲ್ಲ. ಮತ್ತೊಮ್ಮೆ, ಈ ಸಲ ನಿಧಾನವಾಗಿ ಒತ್ತಿದಳು. ಲೈಬ್ರರಿ ಸಿಗುತ್ತಿಲ್ಲ.

"ಈ ಅಕೌಂಟೇ ಸರಿ ಇಲ್ಲ" ಎಂದಳು.

"ಅಕೌಂಟ್ ಸರಿ ಉಂಟು. ನಿಮ್ಮದು ಹೇಗೆ ಓಡ್ತದೆ ಅಂತ ಈಗ ನೋಡ್ಬೇಕು. ನಿಮ್ಮ ಲಾಗಿನ್ ತೆಗೀರಿ."

ಲಾಗಿನ್ ಆದಾಗಲೆಲ್ಲ ಯಾರೂ ಕೇಳದೆ ತಾನೇ ನಡೆಯುವ ಫೈಲೊಂದು ಪ್ರತಿಯೊಬ್ಬರಿಗೂ ಇರುತ್ತದೆ. ಚಿತ್ಕಳಾ ತನ್ನದನ್ನು ಒಮ್ಮೆಯೂ ತೆರೆದು ನೋಡಿರಲಿಲ್ಲ. ಮೊಂತೇರೊ ತೆರೆಸಿದರು. ಅಲ್ಲಿ ಮೂರು ಸಾಲುಗಳಿದ್ದವು. ಒಂದೊಂದು ಸಾಲು ಒಂದೊಂದು ಮಾಡ್ಯೂಲನ್ನು ಲೋಡ್ ಮಾಡುತ್ತಿತ್ತು. ಸಿಗುತ್ತಿಲ್ಲ ಎಂದು ಬರುತ್ತಿದ್ದ ಲೈಬ್ರರಿ ಇದ್ದದ್ದು ಅವುಗಳಲ್ಲೇ. ಅವುಗಳ ಮೇಲೆ, ಇಂಗ್ಲಿಷ್ ಅಕ್ಷರದಲ್ಲಿ ಕನ್ನಡದ ಒಂದು ಟಿಪ್ಪಣಿ, ಆರು ವರ್ಷದ ಹಿಂದಿನ ತಾರೀಖು: "ಚಿತ್ಕಳಾಗೆ ಒಂದು ವಾರದಿಂದ ಓಡ್ತಿಲ್ಲ. ಪಾಪ, ಅಳ್ತಾ ಇದ್ಲು. ಹಾಕಿಕೊಟ್ಟಿದೀನಿ. ದಾಕ್ಷಾಯಿಣಿ."

ದಾಕ್ಷಾಯಿಣಿ ಅವಳಿಗಿಂತ ಮುಂಚಿನ ವಿದ್ಯಾರ್ಥಿನಿ. ಅದೇ ವರ್ಷ ಓದು ಮುಗಿಸಿ ಹೋಗಿದ್ದಳು. "ಏಳೇ, ನಾನು ನೋಡ್ತೀನಿ" ಎಂದು ಚಿತ್ಕಳಾಳನ್ನು ಎಬ್ಬಿಸಿ, ಆ ಕುರ್ಚಿಯಲ್ಲಿ ತಾನು ಕೂತು ಏನೋ ಒತ್ತಿದ್ದಳು. ಚಿತ್ಕಳಾಗೆ ಈಗ ಎಲ್ಲ ನೆನಪಾಯಿತು. ನಾಚಿಕೆಯಿಂದ ಅವಳಿಗೆ ತಲೆ ಎತ್ತಲು ಆಗಲಿಲ್ಲ.

ಆ ಮೂರು ಸಾಲನ್ನು ಈರಮ್ಮನೇ ತಮ್ಮ ಸ್ಕ್ರಿಪ್ಟಿನ ಮೊದಲಿಗೆ ಬರೆದುಕೊಂಡು ಕೆಲಸವನ್ನು ಸರದಿಗೆ ಹಾಕಿದರು. ಸ್ವಲ್ಪ ಹೊತ್ತಿಗೆ ಪರದೆಯ ಮೇಲೆ ಅಂಕಿಗಳು ಬರತೊಡಗಿದವು.

"ಓಡ್ತು ನೋಡ್ರಿ! ಯವ್ವಾ, ಓಡ್ತು!" ಎಂದು ಈರಮ್ಮ ಚಪ್ಪಾಳೆ ತಟ್ಟಿದರು.

ಚಿತ್ಕಳಾ ಮಹಡಿ ಹತ್ತಿ ಪ್ರೊಫೆಸರರ ಕೋಣೆಗೆ ಹೋದಳು. "ಬೆಳಿಗ್ಗೆ ಬರೆದದ್ದು ತಪ್ಪು ಸರ್. ತಪ್ಪಿದ್ದದ್ದು ನನ್ನ ಸ್ಕ್ರಿಪ್ಟಿನಲ್ಲಿ" ಎಂದು ನಡೆದದ್ದನ್ನೆಲ್ಲ ಹೇಳಿದಳು.

ಕೇದಿಲಾಯರು ಪೂರ್ತಿ ಕೇಳಿದರು. "ಸರಿ, ಈರಮ್ಮನವರು ಇರಲಿ" ಎಂದರು. ಆಮೇಲೆ ಕೇಳಿದರು: "ಹೋದ ವರ್ಷ ತಿಪ್ಪೇರುದ್ರ ಅಂತ ಒಬ್ಬ ಬಂದಿದ್ದ. ಅವನಿಂದಲೂ ಆಗೋದಿಲ್ಲ ಅಂತ ನೀನೇ ಬರೆದೆ. ಅವನಿಗೆ ಬರ್ತಿದ್ದ ಎರರ್ ಯಾವುದು?"

ಚಿತ್ಕಳಾಗೆ ಆ ಎರರ್ ನೆನಪಾಯಿತು.

"ಇದೇ ಸರ್."

"ಈಗ ಎಲ್ಲಿದ್ದಾನೆ?"

"ಗೊತ್ತಿಲ್ಲ ಸರ್. ಮೂರು ವಾರಕ್ಕೇ ವಾಪಸು ಹೋದ." ಅವಳ ಕಣ್ಣು ತುಂಬಿ ಬಂತು.

ಪ್ರೊಫೆಸರರು ಸಮಾಧಾನ ಹೇಳಲಿಲ್ಲ. "ಅವನನ್ನು ಕಳಿಸುವ ಕಾಗದಕ್ಕೆ ಸಹಿ ಹಾಕಿದವನು ನಾನು" ಎಂದಷ್ಟೇ ಹೇಳಿದರು.

ನೀತಿ: ನಮ್ಮ ಕೆಲಸ ಸಲೀಸಾಗಿ ನಡೆಯುತ್ತಿದ್ದರೆ ಅದಕ್ಕೆ ಬೇಕಾದದ್ದನ್ನು ಯಾರೋ ಮೊದಲೇ ಹಾಕಿಕೊಟ್ಟಿರುತ್ತಾರೆ. ಅದನ್ನು ಮರೆತವರ ಕಣ್ಣಿಗೆ, ಅದು ಸಿಗದವರೆಲ್ಲ ದಡ್ಡರಂತೆ ಕಾಣುತ್ತಾರೆ. ಯಾರನ್ನೇ ಆಗಲಿ "ಇವರಿಂದ ಆಗುವುದಿಲ್ಲ" ಎನ್ನುವ ಮೊದಲು, ಅವರ ಜಾಗದಲ್ಲಿ ಕುಳಿತು ಆ ಕೆಲಸವನ್ನು ನಾವೇ ಒಮ್ಮೆ ಮಾಡಿ ನೋಡಬೇಕು.