ಮೂಗುಮುಚ್ಚಿ ಮೊನೆ

ಕೆಂಬಾರೆ ಪಟ್ಟಣದ ಬಸ್ ನಿಲ್ದಾಣದಿಂದ ಪಡುವಣಕ್ಕೆ ಎರಡು ಮೈಲಿ ನಡೆದು, ಮೀನು ಮಾರುಕಟ್ಟೆ, ಐಸ್ ಕಾರ್ಖಾನೆ, ಈಚೆಗೆ ಎದ್ದ ಹೋಟೆಲುಗಳ ಸಾಲು ಎಲ್ಲವನ್ನೂ ದಾಟಿದರೆ ಕಡಲಿನೊಳಕ್ಕೆ ಚಾಚಿಕೊಂಡ ಕರಿಬಂಡೆಯ ಒಂದು ಮೊನೆ ಸಿಗುತ್ತದೆ. ಅಲ್ಲಿನ ತೆರೆಗಳು ಊರಿನ ಬೇರೆ ಕಡೆಯ ತೆರೆಗಳಂತಲ್ಲ. ದೊಡ್ಡ ಮರಳದಂಡೆಯಲ್ಲಿ ಏಳುವ ತೆರೆ ಎದ್ದಲ್ಲೇ ಧೊಪ್ಪನೆ ಬಿದ್ದು ನೊರೆಯಾಗುತ್ತದೆ. ಮೊನೆಯ ತೆರೆಯಾದರೋ ಬಂಡೆಯ ತುದಿಯಲ್ಲಿ ಒಡೆಯಲಾರಂಭಿಸಿ, ಮಗ್ಗುಲಿಗೇ ಸುತ್ತಿಕೊಂಡು, ಸೀರೆ ಹರಿದಂತೆ ಒಂದೇ ಸಮನೆ ಬಿಚ್ಚುತ್ತ ಒಳಗಿನ ಪುಟ್ಟ ಮರಳಿನವರೆಗೆ ಬರುತ್ತದೆ. ಹಲಗೆಯ ಮೇಲೆ ನಿಂತು ತೆರೆ ಸವಾರಿ ಮಾಡುವ ಸರ್ಫಿಂಗ್ ಹುಡುಗರು ಇಂಥ ತೆರೆಗಾಗಿ ದೇಶಾಂತರ ಅಲೆಯುತ್ತಾರಂತೆ. ಆದರೂ ಇಲ್ಲಿ ಜನ ಕಡಿಮೆ. ಕಲಿಯುವವರೂ ಕಲಿಸುವವರೂ ದೊಡ್ಡ ದಂಡೆಯಲ್ಲೇ ಕಿಕ್ಕಿರಿದಿರುತ್ತಾರೆ. ಮೊನೆಯ ದಾರಿಯಲ್ಲಿ ಯಾರೋ ‘ಸಿಲ್ವರ್ ಪಾಯಿಂಟ್’ ಎಂದು ಬಣ್ಣದ ಹಲಗೆ ನೆಟ್ಟಿದ್ದಾರೆ. ಮೂಲದ ಹೆಸರು ಕೇಳಿದರೆ ಗಿರಾಕಿಗಳು ಬರುವುದಿಲ್ಲವಂತೆ. ಒಂದು ಜಾಗದ ಹೆಸರನ್ನು ಹೀಗೆ ಬೆಳ್ಳಿಯ ಕಾಗದದಲ್ಲಿ ಸುತ್ತಿ ಮಾರುವುದು ಹೇಸಿಗೆಯ ಕೆಲಸ. ಕೆಂಬಾರೆಯವರ ಬಾಯಲ್ಲಿ ಅದು ಇಂದಿಗೂ ಮೂಗುಮುಚ್ಚಿ ಮೊನೆಯೇ.

ಹಿಂದೆ ಒಮ್ಮೆ, ಕೆಂಬಾರೆ ಇನ್ನೂ ಪಟ್ಟಣವಾಗದೆ ಬರಿಯ ಮೀನುಗಾರರ ಕೇರಿಯಾಗಿದ್ದ ಕಾಲದಲ್ಲಿ, ಆ ಮೊನೆ ಊರಿಗೆಲ್ಲ ಬೇಕಾದ ಜಾಗವಾಗಿತ್ತು ಎನ್ನುತ್ತಾರೆ. ಮಳೆಗಾಲ ಹತ್ತಿರವಾದಂತೆ ಹೊಳೆ ಕಡಲು ಸೇರುವ ಅಳಿವೆ ಕೆರಳುತ್ತಿತ್ತು. ಅಲ್ಲಿ ದೋಣಿ ನುಗ್ಗಿಸಿದರೆ ಬದುಕುವುದು ದೈವದ ಕೈಯಲ್ಲಿ. ಅಂಥ ದಿನಗಳಲ್ಲಿ ದೋಣಿಗಳು ಮೊನೆಯ ಮರೆಯಲ್ಲಿ ಒಳಕ್ಕೆ ಬಂದು ಆ ಪುಟ್ಟ ಮರಳನ್ನು ಮುಟ್ಟುತ್ತಿದ್ದವು. ಹಾಗೆ ಬರುವ ದೋಣಿಗೆ ದಡದಲ್ಲಿ ಜನ ಬೇಕು. ಒಳಗಿನವರು ಹಗ್ಗ ಎಸೆಯಬೇಕು, ದಡದವರು ಸೊಂಟಮಟ್ಟ ನೀರಿಗಿಳಿದು ಹಿಡಿದೆಳೆಯಬೇಕು; ಇಲ್ಲವಾದರೆ ಹಿಂದೆ ಸರಿಯುವ ನೀರು ದೋಣಿಯನ್ನು ಬಂಡೆಗೆ ಬಡಿಯುತ್ತದೆ. ಜನರಿಗೇನೂ ಅಲ್ಲಿ ಕೊರತೆಯಿರಲಿಲ್ಲ. ಬಲೆಯ ಕೆಲಸ ಮುಗಿಯಿತೆಂದರೆ ಹರೆಯದವರೆಲ್ಲ ಮುರಿದ ದೋಣಿಗಳ ಹಲಗೆ ಹೊತ್ತು ಮೊನೆಗೇ ಓಡುತ್ತಿದ್ದರು. ತೆರೆಯ ಬೆನ್ನೇರಿ ಒಬ್ಬ ಮಲಗಿ ಬರುವನು, ಒಬ್ಬ ಮಂಡಿಯೂರಿ ಬರುವನು, ಬಿದ್ದವನನ್ನು ನೋಡಿ ಹತ್ತು ಜನ ನಗುವರು. ನಿಂತುಕೊಂಡೇ ಬರುವವನು ಮಾತ್ರ ಒಬ್ಬನೇ ಇದ್ದ. ಅವನು ಜಟ್ಟಪ್ಪ. ಅವನ ಹೆಂಡತಿ ಮಾಸ್ತಿ. ಈ ಕಥೆಯನ್ನು ಊರು ಬಲ್ಲದ್ದು ಅವಳ ಬಾಯಿಂದಲೇ.

ಮಾಸ್ತಿ ಮೊದಮೊದಲು ಗಂಡನ ಬಗ್ಗೆ ಹೆಮ್ಮೆಪಟ್ಟವಳೇ. ಮೀನು ಒಣಗಿಸುವ ಕಟ್ಟೆಯ ಮೇಲೆ ಕುಳಿತು ಕಾಗೆ ಅಟ್ಟುತ್ತಿದ್ದರೂ ಕಣ್ಣು ಮೊನೆಯ ಕಡೆಗಿರುತ್ತಿತ್ತು. ಬೂರುಗದ ಹಗುರ ಹಲಗೆಯ ಮೇಲೆ, ಎರಡೂ ಕೈ ಇಳಿಬಿಟ್ಟು, ಅಂಗಳದಲ್ಲಿ ನಡೆದು ಬರುವವನಂತೆ ಅವನು ಬರುತ್ತಿದ್ದ. ಆದರೆ ವರುಷ ಎರಡು ಕಳೆಯುವಷ್ಟರಲ್ಲಿ ಅವಳಿಗೆ ಅವನಲ್ಲಿ ಒಂದು ಬದಲಾವಣೆ ಕಾಣತೊಡಗಿತು. ಮೊನೆಯಿಂದ ಮನೆಗೆ ಬಂದವನು ನಗುವುದಿಲ್ಲ. ಊಟಕ್ಕೆ ಕುಳಿತರೆ ಅದೇ ಮಾತು: ಇವತ್ತು ಇಂಥವನು ಅಡ್ಡ ಬಂದ, ಅಂಥವನು ತೆರೆ ಹಾಳುಮಾಡಿದ. ಒಮ್ಮೆ ಅವಳ ತಮ್ಮ ಹೊನ್ನ ಮಂಡಿ ಸೀಳಿಕೊಂಡು ಬಂದ. ಬಂಡೆಗಂಟಿದ ಚಿಪ್ಪುಗಳು ಮಾಂಸದೊಳಕ್ಕೇ ಇಳಿದಿದ್ದವು. ಅರಿಶಿನ ಮೆತ್ತುತ್ತ ಅವಳು ಏನಾಯಿತೆಂದು ಕೇಳಿದಾಗ ಹೊನ್ನ ನಕ್ಕುಬಿಟ್ಟ. “ಬಾವ ತಳ್ಳಿದ. ಒಂದೇ ತೆರೆಗೆ ಇಬ್ಬರೂ ಹೊರಟಿದ್ವು.” ಅವಳು ಗಂಡನ ಮುಖ ನೋಡಿದಳು. ಜಟ್ಟಪ್ಪ ಅನ್ನ ಕಲಸುವುದನ್ನು ನಿಲ್ಲಿಸದೆ, “ಅದು ನನ್ನ ತೆರೆ,” ಎಂದ. ಕಡಲಿನ ತೆರೆಯನ್ನು ನನ್ನದು ಎಂದವನನ್ನು ಮಾಸ್ತಿ ಅದುವರೆಗೆ ಕಂಡಿರಲಿಲ್ಲ. ತಮಾಷೆಯೆಂದುಕೊಂಡು ಸುಮ್ಮನಾದಳು.

ಆ ವರುಷ ಬೂತಾಯಿ ಮೀನು ರಾಶಿರಾಶಿಯಾಗಿ ಬಿತ್ತು. ತಿಂದು, ಒಣಗಿಸಿ, ಎಣ್ಣೆ ಕಾಯಿಸಿ ಮುಗಿಸಲಾಗದಷ್ಟು. ಉಳಿದದ್ದು ಕೇರಿಯ ಹಿಂದಿನ ಗುಂಡಿಯಲ್ಲಿ ಕೊಳೆಯತೊಡಗಿತು. ಅದೇ ದಿನಗಳಲ್ಲಿ ಮೊನೆಯ ಮರಳಿನಲ್ಲೂ ಏನೋ ನಾರತೊಡಗಿತು. ಮೊದಲು ಸ್ವಲ್ಪ, ಆಮೇಲೆ ಹತ್ತಿರ ಸುಳಿಯಲಾಗದಷ್ಟು. ಗಾಳಿ ಬೀಸಿದರೆ ಕೇರಿಯ ಮನೆಗಳಲ್ಲಿ ಗಂಜಿ ಗಂಟಲಲ್ಲಿಳಿಯದು. ನೋಡಿ ಬರಲು ಹೋದವರು ಅರ್ಧ ದಾರಿಯಲ್ಲೇ ಕಾರಿಕೊಂಡು ಹಿಂತಿರುಗಿದರು. ಹೋಗಿ ನೋಡಿ ಬಂದವನು ಜಟ್ಟಪ್ಪನೊಬ್ಬನೇ. ಅವನು ಕೇರಿಯ ಯಜಮಾನ ಸುಬ್ಬಣ್ಣನ ಜಗಲಿಯಲ್ಲಿ ನಿಂತು, “ಎಂತದೋ ಗೊತ್ತಿಲ್ಲ. ಮರಳಿನ ಅಡಿಯಿಂದ ಬರ್ತದೆ. ಮುಟ್ಟಿದ್ರೆ ಬೇನೆ ಹತ್ತುವ ಹಾಗೆ ಕಾಣ್ತದೆ. ಯಾರೂ ಹೋಗೋದು ಬೇಡ,” ಎಂದ. ಹಿಂದೆ ಬೇನೆ ಬಂದು ಅರ್ಧ ಕೇರಿ ಬರಿದಾದದ್ದನ್ನು ಕಂಡ ಮುದುಕರು ಇನ್ನೂ ಬದುಕಿದ್ದರು. ಅಷ್ಟು ಸಾಕಾಯಿತು. ಅಲ್ಲಿ ಪೀಡೆ ನೆಲೆಸಿದೆ ಎಂಬ ಮಾತು ಹಬ್ಬಿತು. ದಾರಿಗೆ ಮುಳ್ಳುಕಂಟಿ ಎಳೆದರು. ಹರೆಯದವರ ಹಲಗೆಗಳು ಒಲೆ ಸೇರಿದವು.

ಮಾಸ್ತಿಗೆ ಮಾತ್ರ ಒಂದು ಸಂಗತಿ ಅರ್ಥವಾಗಲಿಲ್ಲ. ಗಂಡನ ಬಟ್ಟೆ ನಾರುತ್ತಿತ್ತು. ಮೀನಿನವರ ಮನೆಯಲ್ಲಿ ಮೀನಿನ ವಾಸನೆ ಹೊಸದೇ? ಆದರೆ ಇದು ಆ ವಾಸನೆಯಲ್ಲ. ಸೀಗೆಪುಡಿ ಹಾಕಿ ಕುದಿಸಿದರೂ ಪಂಚೆಯ ಅಂಚಿನಲ್ಲಿ ಉಳಿಯುತ್ತಿತ್ತು. ಅವನಿಗೇನೋ ರೋಗವೆಂದು ಅಂಜಿ ಅವಳು ಹರಕೆ ಕೂಡ ಹೇಳಿಕೊಂಡಳು. ಒಂದು ಮುಂಜಾನೆ ಅವನು ಬುಟ್ಟಿ ಹೊತ್ತು ಹಿತ್ತಿಲಿನಿಂದ ಹೊರಟಾಗ ತಡೆಯಲಾರದೆ ಹಿಂದೆಯೇ ಹೋದಳು. ಅವನು ಗುಂಡಿಗಿಳಿದ. ಹುಳು ಮಿಜಿಗುಟ್ಟುವ ಮೀನಿನ ರಾಶಿಯನ್ನು ಬರಿಗೈಯಲ್ಲಿ ಬಾಚಿ ಬುಟ್ಟಿ ತುಂಬಿದ, ಮೇಲೆ ಮೀನೆಣ್ಣೆಯ ಗಸಿ ಸುರಿದ, ತಲೆಯ ಮೇಲೆ ಹೊತ್ತ. ರಸ ಅವನ ಕೆನ್ನೆಯ ಮೇಲಿಳಿಯುತ್ತಿತ್ತು. ಮುಳ್ಳುಕಂಟಿ ಸರಿಸಿ, ಮೊನೆಯ ಮರಳಿನಲ್ಲಿ ಬುಟ್ಟಿ ಬೋರಲು ಹಾಕಿ, ಕಾಲಿನಿಂದ ತುಳಿದು ಹರಡಿದ. ಸತ್ತ ನಾಯಿಯೊಂದೂ ಅಲ್ಲಿ ಊದಿಕೊಂಡು ಬಿದ್ದಿತ್ತು. ಆಮೇಲೆ ನೀರಿಗಿಳಿದು ಮೈ ಉಜ್ಜಿಕೊಂಡು, ಬಂಡೆಯ ಸಂದಿಯಲ್ಲಿ ಬಚ್ಚಿಟ್ಟಿದ್ದ ಹಲಗೆ ಎಳೆದುಕೊಂಡು ಹೋದ.

ಮೊದಲ ತೆರೆಯಲ್ಲೇ ಅವನು ಎದ್ದು ನಿಂತ. ಎದುರಿಗೆ ಒಬ್ಬರೂ ಇಲ್ಲ. ಮೊನೆಯ ತುದಿಯಿಂದ ಮರಳಿನವರೆಗೆ ಆ ಹಸಿರು ಗೋಡೆ ಅವನೊಬ್ಬನಿಗಾಗಿಯೇ ಬಿಚ್ಚುತ್ತ ಬಂತು. ಅವನು ಅಷ್ಟು ಚೆಂದಾಗಿ ತೆರೆಯೇರಿದ್ದನ್ನು ತಾನು ಹಿಂದೆಂದೂ ಕಂಡಿರಲಿಲ್ಲವೆಂದು ಮಾಸ್ತಿ ಮುದುಕಿಯಾದ ಮೇಲೂ ಹೇಳುತ್ತಿದ್ದಳಂತೆ. ಆ ಚೆಂದವೇ ಅವಳಿಗೆ ತಡೆಯಲಾಗಲಿಲ್ಲ. ಕೊಳೆತ ಮೀನಿಗೆ ಅವಳು ಕಾರಿದವಳಲ್ಲ. ಅವನು ನಗುತ್ತ ನಿಂತು ಬರುವುದನ್ನು ನೋಡಿ ಮುಳ್ಳುಕಂಟಿಯ ಮರೆಯಲ್ಲಿ ಕುಕ್ಕರಿಸಿ, ಹೊಟ್ಟೆಯಲ್ಲಿದ್ದುದನ್ನೆಲ್ಲ ಕಾರಿಕೊಂಡಳು.

ಮನೆಗೆ ಬಂದವನನ್ನು ಅವಳು ಕೇಳಿದಳು. “ಇದೆಂತ ಹೇಸಿಗೆ ಕೆಲಸ ನಿಮ್ಮದು? ಊರಿಗೆ ಊರೇ ಹೆದರಿ ಕೂತದೆ.”

ಅವನಿಗೆ ನಾಚಿಕೆಯೂ ಆಗಲಿಲ್ಲ. “ಯಾರಿಗೆ ಎಂತ ನಷ್ಟ? ಒಂದು ಮಳೆ ಬಿದ್ರೆ ಎಲ್ಲ ತೊಳೆದು ಹೋಗ್ತದೆ. ಅಲ್ಲಿವರೆಗೆ ನನಗೆ ಬಿಡ್ಲಿ,” ಎಂದು ಮೈ ಒರೆಸಿಕೊಂಡ.

“ದೋಣಿಯವರು ಬಂದ್ರೆ?”

“ಕಡಲು ಸುಮ್ನೆ ಉಂಟಲ್ಲ. ಅಳಿವೆಯಲ್ಲೇ ಬರ್ತಾರೆ.”

ಅವಳು ಯಜಮಾನನ ಮನೆಯ ದಾರಿ ಹಿಡಿದದ್ದೂ ಉಂಟು. ಜಗಲಿಯ ಹತ್ತಿರ ಹೋಗಿ ಹಿಂತಿರುಗಿದಳು. ನನ್ನ ಗಂಡ ಕೊಳೆತದ್ದನ್ನು ತಲೆಯ ಮೇಲೆ ಹೊರುತ್ತಾನೆ ಎಂದು ಯಾವ ಬಾಯಲ್ಲಿ ಹೇಳುವುದು? ಮಳೆಗೆ ಎಂಟು ಹತ್ತು ದಿನ ಉಳಿದಿತ್ತು. ತೊಳೆದು ಹೋಗಲಿ, ಯಾರಿಗೂ ತಿಳಿಯದೆ ಮುಗಿಯಲಿ ಎಂದು ಅವಳೂ ಬಾಯಿ ಮುಚ್ಚಿಕೊಂಡಳು. ಅವಳು ತನ್ನನ್ನು ಕೊನೆಯವರೆಗೂ ಕ್ಷಮಿಸಿಕೊಳ್ಳದೆ ಹೋದದ್ದು ಇದೊಂದಕ್ಕೆ.

ರೋಹಿಣಿ ಮಳೆಗೆ ಮುಂಚೆಯೇ ಗಾಳಿ ತಿರುಗಿತು. ಮಧ್ಯಾಹ್ನದ ಹೊತ್ತಿಗೆ ಕಡಲು ಕಪ್ಪಿಟ್ಟು ಅಳಿವೆಯಲ್ಲಿ ಬಿಳಿಗೋಡೆಗಳು ಎದ್ದವು. ಬೆಳಗ್ಗೆ ಹೋದ ದೋಣಿಗಳೆಲ್ಲ ಮೊದಲೇ ಮರಳಿದ್ದವು. ಹೊನ್ನನ ದೋಣಿಯೊಂದು ಉಳಿದಿತ್ತು, ಅದರಲ್ಲಿ ನಾಲ್ವರು. ಹೆಂಗಸರೆಲ್ಲ ದಂಡೆಯಲ್ಲಿ ಸೇರಿದರು. ದೋಣಿ ಕಾಣಿಸಿತು. ಅದು ಮೊನೆಯ ನೇರಕ್ಕೆ ಬಂತು, ನಿಂತಂತೆ ಮಾಡಿತು. ಮಾಸ್ತಿ ಯಾರದೋ ಕೈಯಲ್ಲಿದ್ದ ಹಗ್ಗ ಕಿತ್ತುಕೊಂಡು ಓಡಿದಳು. ಮುಳ್ಳು ಕಾಲನ್ನು ಸೀಳಿದ್ದು ತಿಳಿಯಲಿಲ್ಲ. ಮರಳಿಗೆ ಇಳಿಯುತ್ತಿದ್ದಂತೆ ಆ ಕೊಳೆಯಲ್ಲಿ ಜಾರಿ ಬಿದ್ದಳು. ಎದ್ದು, ಮೈಯೆಲ್ಲ ರಾಡಿಯಾಗಿ, ಸೆರಗು ಬೀಸುತ್ತ ಕೂಗಿದಳು. ಅಷ್ಟರಲ್ಲಿ ದೋಣಿ ಬೆನ್ನು ತಿರುಗಿಸಿ ಅಳಿವೆಯತ್ತ ಹೊರಟಾಗಿತ್ತು. ತಲೆಯೆತ್ತಿ ನೋಡಿದರೆ ಬಂಡೆಯ ತುದಿಯಲ್ಲಿ ಜಟ್ಟಪ್ಪ ನಿಂತಿದ್ದ. ಕಂಕುಳಲ್ಲಿ ಹಲಗೆ. ಗಾಳಿ ಇಳಿಯುವುದನ್ನು ಕಾಯುತ್ತಿದ್ದ.

ಅಳಿವೆಯ ಮೂರನೆಯ ತೆರೆ ದೋಣಿಯನ್ನು ಮಗುಚಿತು. ಹೊನ್ನನೂ ಇನ್ನಿಬ್ಬರೂ ಹೋದರು. ಬದುಕಿ ಬಂದವನು ತಿಮ್ಮ ಎಂಬವನೊಬ್ಬ. ಮೂರು ಹೆಣಗಳನ್ನು ಮಲಗಿಸಿದ್ದ ಅಂಗಳದಲ್ಲಿ ಯಜಮಾನ ಸುಬ್ಬಣ್ಣ ಅವನನ್ನು, ಮೊನೆಗೆ ಯಾಕೆ ತಿರುಗಿಸಲಿಲ್ಲ ಮಗನೇ, ಎಂದು ಕೇಳಿದ. ತಿಮ್ಮ ಹೇಳಿದ: “ನಾನು ತಿರುಗಿಸುವ ಅಂದೆ. ಹಗ್ಗ ಹಿಡಿಯೋಕೆ ಅಲ್ಲಿ ಯಾರೂ ಇಲ್ಲ ಅಂದ ಹೊನ್ನಣ್ಣ. ಮತ್ತೆ ನೋಡಿದ್ರೆ ಬಂಡೆ ಮೇಲೆ ಒಬ್ಬ ನಿಂತಿದ್ದ. ಒಂದು ಕೈ ಬೀಸಿದ್ರೆ ಸಾಕಿತ್ತು, ಬಂದೇಬಿಡ್ತಿದ್ವು. ಬೀಸಲಿಲ್ಲ. ನಮ್ಮನ್ನೇ ನೋಡ್ತಾ ನಿಂತಿತ್ತು. ಮನುಷ್ಯ ಆದ್ರೆ ಕೈ ಬೀಸ್ತಿರಲಿಲ್ವಾ? ಪೀಡೆಯೇ ಅಂದ್ಕೊಂಡ್ವು.”

ಮಾಸ್ತಿ ತಮ್ಮನ ತಲೆಯನ್ನು ತೊಡೆಯಿಂದಿಳಿಸಿ ಎದ್ದಳು. ಅವಳ ಸೀರೆಯ ಮೇಲಿನ ರಾಡಿ ಇನ್ನೂ ಒಣಗಿರಲಿಲ್ಲ. ಗುಂಡಿ, ಬುಟ್ಟಿ, ಗಸಿ, ನಾಯಿ, ತಾನು ಕಂಡದ್ದು, ಕಂಡೂ ಹೇಳದೆ ಉಳಿದದ್ದು, ಎಲ್ಲವನ್ನೂ ಜನರ ನಡುವೆ ಹೇಳಿದಳು. ನಂತರ ಗಂಡನತ್ತ ತಿರುಗಿದಳು. ಮದುವೆಯಾದಂದಿನಿಂದ ಅವನನ್ನು ಬಹುವಚನದಲ್ಲೇ ಕರೆದವಳು ಆ ದಿನ ಏಕವಚನಕ್ಕಿಳಿದಳು. “ದೋಣಿ ಕಂಡಿತ್ತಾ ನಿನಗೆ?”

“ಕಂಡಿತ್ತು.”

“ಕೈ ಎಂತಕ್ಕೆ ಬೀಸಲಿಲ್ಲ?”

ಜಟ್ಟಪ್ಪ ಅಂಗಳದ ಜನರತ್ತ ಒಮ್ಮೆ ನೋಡಿ, “ಅವರು ಬಂದಿದ್ರೆ ಮತ್ತೆ ಎಲ್ಲ ಬರ್ತಿದ್ರು,” ಎಂದ.

ಯಾರೂ ಅವನ ಮೇಲೆ ಕೈ ಮಾಡಲಿಲ್ಲ. ಹೊಡೆಯಬೇಕಾದರೂ ಮುಟ್ಟಬೇಕಲ್ಲ! ಮಾಸ್ತಿ ಸೆರಗೆಳೆದು ಮೂಗು ಮುಚ್ಚಿಕೊಂಡಳು. ಅವಳ ಪಕ್ಕದಲ್ಲಿದ್ದ ಹೊನ್ನನ ಹೆಂಡತಿ ಮುಚ್ಚಿಕೊಂಡಳು. ಯಜಮಾನ ಹೆಗಲ ವಸ್ತ್ರವನ್ನು ಮೂಗಿಗೊತ್ತಿದ. ಅಂಗಳವಿಡೀ ಹಾಗೆಯೇ ನಿಂತಿತು, ಅವನು ಎದ್ದು ಹೊರಗೆ ಹೋಗುವವರೆಗೆ. ಮೂರನೆಯ ದಿನ, ಇನ್ನೂ ಸೂತಕ ಕಳೆದಿರಲಿಲ್ಲ, ಕಡಲು ತುಸು ನೆಟ್ಟಗಾದದ್ದೇ ತಡ ಅವನು ಹಲಗೆ ಎತ್ತಿಕೊಂಡು ಮೊನೆಗೆ ಹೋದದ್ದನ್ನು ಕೇರಿ ನೋಡಿತು.

ಮಳೆ ಬಂತು. ಅವನು ಹೇಳಿದಂತೆಯೇ ಎಲ್ಲವನ್ನೂ ತೊಳೆಯಿತು. ಮರಳು ಬೆಳ್ಳಗಾಯಿತು, ಕಂಟಿ ಕೊಚ್ಚಿಹೋಯಿತು. ಆದರೆ ಅವನು ಎದುರಾದರೆ ಜನ ಮೂಗು ಮುಚ್ಚುವುದು ನಿಲ್ಲಲಿಲ್ಲ. ಬಾವಿಕಟ್ಟೆಯಲ್ಲಿ ಮುಚ್ಚಿದರು, ದೈವದ ಕಟ್ಟೆಯಲ್ಲಿ ಮುಚ್ಚಿದರು. ಮಾಸ್ತಿ ತಮ್ಮನ ಹೆಂಡತಿಯ ಮನೆ ಸೇರಿ ಹೊನ್ನನ ಮಕ್ಕಳನ್ನು ಸಾಕಿದಳು. ಎರಡು ವರುಷದ ಮೇಲೆ ಒಂದು ಸಂಜೆ ಜಟ್ಟಪ್ಪ ಆ ಮನೆಯ ಬಾಗಿಲಿಗೆ ಬಂದ. ಎಣ್ಣೆ ನೀರು ಹಾಕಿಕೊಂಡಿದ್ದ, ಹೊಸ ಪಂಚೆ ಉಟ್ಟಿದ್ದ. “ಈಗ ವಾಸನೆ ಇಲ್ಲ, ನೋಡು ಮಾಸ್ತಿ. ಮನೆಗೆ ಬಾ,” ಎಂದು ತೋಳು ಚಾಚಿದ. ಅವಳು ಮೀನಿಗೆ ಉಪ್ಪು ಹಚ್ಚುತ್ತಿದ್ದಳು. ಆ ಉಪ್ಪುಗೈಯಿಂದಲೇ ಸೆರಗೆಳೆದು ಮೂಗಿಗೆ ಹಿಡಿದು, “ನಿನ್ನ ಮೂಗಿಗೆ ಬರೋದಿಲ್ಲ. ಅದೇ ನಿನ್ನ ರೋಗ,” ಎಂದು ಬಾಗಿಲೆಳೆದುಕೊಂಡಳು.

ಅವನು ಬಹುಕಾಲ ಬದುಕಿದ. ಮೊನೆಯ ತೆರೆಯೆಲ್ಲ ಅವನದೇ ಆಯಿತು. ಕೂದಲು ನರೆತ ಮೇಲೂ ಅವನೊಬ್ಬನೇ ಹಲಗೆ ಹೊತ್ತು ಹೋಗುತ್ತಿದ್ದ, ಒಬ್ಬನೇ ಬರುತ್ತಿದ್ದ. ಬಿದ್ದರೆ ನಗುವವರಿಲ್ಲ, ಎದ್ದರೆ ನೋಡುವವರಿಲ್ಲ. ಕಡೆಗೊಂದು ದಿನ ಹಲಗೆ ಮಾತ್ರ ಮರಳಿಗೆ ಬಂತು. ಹಗ್ಗ ಹಿಡಿದು ನೀರಿಗಿಳಿಯಲು ಆಗಲೂ ಜನ ಬಂದರಂತೆ, ಮಾಸ್ತಿಯೇ ಕರೆತಂದಳಂತೆ. ಹೆಣ ಸಿಗಲಿಲ್ಲ. ಮೊನೆಗೆ ಹೆಸರು ಉಳಿಯಿತು.

ಈಗಲೂ ಮೊನೆಯ ಮರಳಿನಲ್ಲಿ ಕಡಲು ಇಳಿದ ಹೊತ್ತಿಗೆ ಕೇರಿಯ ಮುದುಕಿಯರು ಬೆಳಚಿನ ಚಿಪ್ಪು ಹೆಕ್ಕುತ್ತ ಕುಳಿತಿರುತ್ತಾರೆ. ಮೂರು ನಾಲ್ಕು ಜನ ಸರ್ಫಿಂಗ್ ಹುಡುಗರು ಒಟ್ಟಾಗಿ ಬಂದರೆ ಅವರು ಚಿಪ್ಪುಗಳಿಂದ ಕಣ್ಣೆತ್ತುವುದಿಲ್ಲ. ಯಾರೋ ಒಬ್ಬ, ಜನವಿಲ್ಲದ ತೆರೆ ಸಿಕ್ಕಿತೆಂದು ಹಿಗ್ಗಿ, ಒಂಟಿಯಾಗಿ ಸವಾರಿ ಮಾಡಿ ದಡಕ್ಕೆ ಬಂದನೆಂದರೆ ಒಬ್ಬೊಬ್ಬರಾಗಿ ಸೆರಗನ್ನು ಮೂಗಿಗೆ ಎಳೆದುಕೊಳ್ಳುತ್ತಾರೆ. ಪರವೂರಿನ ಹುಡುಗ ಕಕ್ಕಾಬಿಕ್ಕಿಯಾಗಿ ಅತ್ತಿತ್ತ ನೋಡುತ್ತಾನೆ. ಗಾಳಿಯಲ್ಲಿ ಉಪ್ಪಿನ ಹೊರತು ಏನೂ ಇರುವುದಿಲ್ಲ. ಕೊನೆಗೆ, ಹಲಗೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ನಡೆಯುತ್ತ, ಯಾರಿಗೂ ಕಾಣದಂತೆ ಮುಖ ತಿರುಗಿಸಿ ತನ್ನ ತೋಳನ್ನೇ ಮೂಸಿ ನೋಡಿಕೊಳ್ಳುತ್ತಾನೆ.